ಗೆತಾರಿಯಾದಲ್ಲಿ ತಿದ್ದಿದ ಒಂದು ಅಂಕ

ಮಕ್ಕಳೇ, ಈ ವಾರ ಓದಲು ಶುರು ಮಾಡುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಅಜ್ಜನನ್ನೋ ಅಜ್ಜಿಯನ್ನೋ ಕರೆದು ಒಂದು ಪ್ರಶ್ನೆ ಕೇಳಿ: ‘ಹಡಗಿನಲ್ಲಿ ಭೂಮಿಯನ್ನು ಮೊಟ್ಟಮೊದಲು ಒಂದು ಸುತ್ತು ಹಾಕಿ ಬಂದವರು ಯಾರು?’

‘ಮೆಗಲನ್’ ಎಂದು ಅವರು ಥಟ್ಟನೆ ಹೇಳಿದರೆ ನಗಬೇಡಿ. ನಾನೂ ಹಾಗೇ ಹೇಳುತ್ತಿದ್ದೆ. ಅಷ್ಟೇ ಅಲ್ಲ, 31 ವರ್ಷ ಸಮಾಜ ವಿಜ್ಞಾನದ ಟೀಚರ್ ಆಗಿ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ದುಂಡಗೆ ಬರೆದೂ ಬರೆದಿದ್ದೆ: ‘ಭೂಪ್ರದಕ್ಷಿಣೆ ಮಾಡಿದ ಮೊದಲಿಗ – ಮೆಗಲನ್.’ ಆ ವಾಕ್ಯ ತಪ್ಪು. ಅದು ತಪ್ಪೆಂದು ನನಗೆ ಮನದಟ್ಟಾದದ್ದು ನಿವೃತ್ತಳಾದ ಮೇಲೆ, ಸ್ಪೇನ್ ದೇಶದ ಉತ್ತರದ ಕಡಲತೀರದ ಒಂದು ಪುಟ್ಟ ಊರಿನಲ್ಲಿ, ಹತ್ತು ವರ್ಷದ ಮೊಮ್ಮಗಳ ಎದುರಿನಲ್ಲಿ.

ಊರಿನ ಹೆಸರು ಗೆತಾರಿಯಾ. ಸ್ಪೇನಿನ ನಕ್ಷೆ ತೆರೆದು ಮೇಲಿನ ಅಂಚು ನೋಡಿ. ಫ್ರಾನ್ಸಿನ ಗಡಿಗೆ ಹತ್ತಿರ, ಬಿಸ್ಕೆ ಕೊಲ್ಲಿಯ ದಡದಲ್ಲಿ ಬಾಸ್ಕ್ ಸೀಮೆ ಇದೆ. ಅಲ್ಲಿಯ ಸಾನ್ ಸೆಬಾಸ್ಟಿಯನ್ ಪಟ್ಟಣದಲ್ಲಿ ನನ್ನ ಮಗಳಿಗೆ ಕೆಲಸ. ಮೊಮ್ಮಗಳು ಸಿರಿ ಓದುವುದೂ ಅಲ್ಲೇ. ಅವಳ ಶಾಲೆಯಲ್ಲಿ ಪಾಠವೆಲ್ಲ ಬಾಸ್ಕ್ ಭಾಷೆಯಲ್ಲಿ. ಈ ಭಾಷೆಗೆ ಪ್ರಪಂಚದಲ್ಲಿ ಇಂದು ಬದುಕಿರುವ ಯಾವ ಭಾಷೆಯೂ ನೆಂಟನಲ್ಲ. ‘ನಮಸ್ಕಾರ’ಕ್ಕೆ ‘ಕೈಶೋ’ ಎಂದೂ, ‘ಧನ್ಯವಾದ’ಕ್ಕೆ ‘ಎಸ್ಕೆರ್ರಿಕ್ ಅಸ್ಕೊ’ ಎಂದೂ ಸಿರಿ ನನಗೆ ಕಲಿಸಿದಳು. ಎರಡನೆಯದು ನನ್ನ ನಾಲಿಗೆಯಲ್ಲಿ ಹೊರಳಲು ನಾಲ್ಕು ದಿನ ಬೇಕಾಯಿತು.

ಜೂನ್ ತಿಂಗಳ ಒಂದು ಶನಿವಾರ ‘ಅಜ್ಜೀ, ನಿನಗೆ ಇಲಿ ತೋರಿಸ್ತೀನಿ ಬಾ’ ಎಂದು ಹೊರಡಿಸಿದಳು. ಪುಟ್ಟ ರೈಲಿನಲ್ಲಿ ಸರೌತ್ಸ್ ಎಂಬ ಊರಿಗೆ ಹೋಗಿ ಇಳಿದೆವು. ಗೆತಾರಿಯಾಕ್ಕೆ ರೈಲಿಲ್ಲ. ಅಲ್ಲಿಂದ ಮುಂದೆ ಕಡಲಿನ ಅಂಚಿನಲ್ಲೇ ಸುಮಾರು ನಾಲ್ಕು ಕಿಲೋಮೀಟರ್ ಕಾಲುದಾರಿ. ಬಲಗಡೆ ಅಲೆ, ಎಡಗಡೆ ಹಸಿರು ಗುಡ್ಡ, ಗುಡ್ಡದ ಮೈತುಂಬ ದ್ರಾಕ್ಷಿ ಬಳ್ಳಿಗಳ ಸಾಲು. ನಡೆಯುತ್ತಿದ್ದಂತೆ ಹಿಟ್ಟು ಜರಡಿ ಹಿಡಿದಂಥ ಸಣ್ಣ ಮಳೆ ಶುರುವಾಯಿತು. ಕೊಡೆ ಬಿಚ್ಚಲೋ ಬೇಡವೋ ಎಂದು ಯೋಚಿಸುವಷ್ಟು ಸಣ್ಣದು.

‘ಈ ಮಳೆಗೆ ಇಲ್ಲಿ ಏನಂತಾರೆ ಗೊತ್ತಾ? ಸಿರಿಮಿರಿ!’ ಎಂದಳು ಸಿರಿ. ತನ್ನ ಹೆಸರಿನ ಮಳೆ ಎಂದು ಅವಳಿಗೆ ಹೆಮ್ಮೆ.

ದಾರಿ ಒಂದು ಕಡೆ ತಿರುಗಿದಾಗ ಇಲಿ ಕಂಡಿತು. ಊರಿನ ಮುಂದೆ ಕಡಲಿಗೆ ಮೈಚಾಚಿ ಮಲಗಿದ ಒಂದು ಗುಡ್ಡ. ಸಾನ್ ಆಂತೋನ್ ಗುಡ್ಡ ಎಂದು ಅದರ ಹೆಸರು. ದೂರದಿಂದ ನೋಡಿದರೆ ದುಂಡು ಬೆನ್ನು, ನೀರಿನ ಕಡೆಗೆ ಚೂಪು ಮೂತಿ, ಥೇಟ್ ಕುಳಿತ ಇಲಿ. ಊರಿನವರು ಕರೆಯುವುದೂ ‘ಗೆತಾರಿಯಾದ ಇಲಿ’ ಎಂದೇ. ಹಿಂದೆ ಅದು ದ್ವೀಪವಾಗಿತ್ತಂತೆ. ಆಮೇಲೆ ಕಲ್ಲಿನ ಕಟ್ಟೆ ಕಟ್ಟಿ ದಡಕ್ಕೆ ಸೇರಿಸಿದರು. ಆ ಕಟ್ಟೆಯ ಆಸರೆಯಲ್ಲೇ ಬಂದರು. ಬಂದರಿನಲ್ಲಿ ಕೆಂಪು, ನೀಲಿ, ಹಸಿರು ಬಣ್ಣದ ಮೀನುಗಾರಿಕೆ ದೋಣಿಗಳು. ಇಡೀ ಊರಿನ ಜನಸಂಖ್ಯೆ ಮೂರು ಸಾವಿರವೂ ಇಲ್ಲ.

ಊರು ಚಿಕ್ಕದಾದರೂ ಹಳೆಯದು. ಇಳಿಜಾರಿನ ಕಲ್ಲುಹಾಸಿನ ಓಣಿ, ಎರಡೂ ಕಡೆ ಮರದ ಬಾಲ್ಕನಿಯ ಮನೆಗಳು. ಓಣಿಯ ತುದಿಗೆ ಸಾನ್ ಸಾಲ್ವದೋರ್ ಚರ್ಚು. ಒಳಗೆ ಕಾಲಿಟ್ಟ ಕೂಡಲೇ ನಾನು ಗೋಡೆ ಹಿಡಿದುಕೊಂಡೆ. ತಲೆ ಸುತ್ತಿತೇನೋ ಅಂದುಕೊಂಡರೆ, ನೆಲವೇ ಓರೆ! ಇಳಿಜಾರು ಜಾಗದಲ್ಲಿ ಕಟ್ಟಿದ ಈ ಚರ್ಚಿನ ನೆಲ ದೋಣಿಯ ಹಲಗೆಯಂತೆ ವಾಲಿಕೊಂಡಿದೆ. ಚರ್ಚಿನ ಅಡಿಯಲ್ಲೇ ಸುರಂಗದಂಥ ದಾರಿ. ಅದರಲ್ಲಿ ತೂರಿ ಹೋದರೆ ಸೀದಾ ಬಂದರು. ಬಟ್ಟೆ ವಿನ್ಯಾಸಕ್ಕೆ ಜಗತ್ತಿನಲ್ಲೇ ಹೆಸರಾದ ಬಲೆನ್ಸಿಯಾಗ ಹುಟ್ಟಿದ್ದೂ ಈ ಊರಿನಲ್ಲೇ, 1895ರಲ್ಲಿ. ಅಪ್ಪ ಮೀನುಗಾರ, ಅಮ್ಮ ಬಟ್ಟೆ ಹೊಲಿಯುವವಳು. ಅವನ ಹೆಸರಿನ ದೊಡ್ಡ ವಸ್ತುಸಂಗ್ರಹಾಲಯ ಗುಡ್ಡದ ಮೇಲಿದೆ.

ಆದರೆ ಸಿರಿ ನನ್ನನ್ನು ಎಳೆದುಕೊಂಡು ಹೋದದ್ದು ಬೇರೆ ಕಡೆಗೆ. ಹಳೆಯ ಊರಿನ ಬಾಗಿಲಲ್ಲೇ ಕೋಟೆಗೋಡೆಯಂಥ ಕಟ್ಟೆಯ ಮೇಲೆ ಒಂದು ಕಲ್ಲಿನ ಸ್ಮಾರಕ ಎದ್ದು ನಿಂತಿದೆ. ಅದರಲ್ಲಿ ರೆಕ್ಕೆಗಳಿರುವ ಹೆಣ್ಣಿನ ಮೂರ್ತಿ.

‘ಇದು ಎಲ್ಕಾನೊ ಸ್ಮಾರಕ. ಭೂಮಿಯನ್ನು ಮೊದಲು ಸುತ್ತಿದೋನು. ಇದೇ ಊರಿನೋನು’ ಎಂದಳು.

‘ಅಲ್ಲ ಪುಟ್ಟಾ, ಮೊದಲು ಸುತ್ತಿದವನು ಮೆಗಲನ್’ ಎಂದೆ. ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ!

ಸಿರಿ ನನ್ನ ಮುಖವನ್ನೇ ನೋಡಿದಳು. ‘ಮೆಗಲನ್ ದಾರಿಯಲ್ಲೇ ಸತ್ತುಹೋದ ಅಲ್ವಾ ಅಜ್ಜಿ? ಸತ್ತೋನು ಹೇಗೆ ಸುತ್ತಿ ಬರ್ತಾನೆ?’

ನನಗೆ ಆ ಮಾತು ಹೊಸದಾಗಿರಲಿಲ್ಲ. ಇದೇ ಪ್ರಶ್ನೆಯನ್ನು ಇದೇ ಧಾಟಿಯಲ್ಲಿ ಹಿಂದೊಮ್ಮೆ ಕೇಳಿದ್ದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಕಲ್ಲುಕಟ್ಟೆಯ ಮೇಲೆ ಕುಳಿತು ಅಜ್ಜಿ ಮೊಮ್ಮಗಳು ಜೋಡಿಸಿದ ಕಥೆ ಕೇಳಿ.

1519ರ ಸೆಪ್ಟೆಂಬರ್ 20. ಆಗ ನಮ್ಮಲ್ಲಿ ವಿಜಯನಗರವನ್ನು ಕೃಷ್ಣದೇವರಾಯ ಆಳುತ್ತಿದ್ದ ಕಾಲ. ಸ್ಪೇನಿನ ದಕ್ಷಿಣದ ಸಾನ್‌ಲೂಕರ್ ಬಂದರಿನಿಂದ ಐದು ಹಡಗುಗಳು ಹೊರಟವು. ಒಟ್ಟು ಸುಮಾರು 240 ಜನ. ನಾಯಕ ಮೆಗಲನ್, ಪೋರ್ಚುಗಲ್ ಮೂಲದವನು. ಗುರಿ ಲವಂಗ. ಹೌದು, ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯ ಲವಂಗವೇ. ಇಂದಿನ ಇಂಡೊನೇಷ್ಯಾದ ಮಲುಕು ದ್ವೀಪಗಳಲ್ಲಿ ಬೆಳೆಯುತ್ತಿದ್ದ ಅದಕ್ಕೆ ಯುರೋಪಿನಲ್ಲಿ ಭಾರೀ ಬೆಲೆ. ಪೂರ್ವದ ದಾರಿ ಪೋರ್ಚುಗೀಸರ ಕೈಯಲ್ಲಿತ್ತು. ಆದ್ದರಿಂದ ಪಶ್ಚಿಮಕ್ಕೆ ಹೋಗಿ ಅದೇ ದ್ವೀಪಗಳನ್ನು ಮುಟ್ಟುವುದು ಮೆಗಲನ್‌ನ ಯೋಚನೆ. ಭೂಮಿಯನ್ನು ಸುತ್ತಬೇಕೆಂದು ಯಾರೂ ಹೊರಟಿರಲಿಲ್ಲ!

ಗೆತಾರಿಯಾದ ಹುವಾನ್ ಸೆಬಾಸ್ಟಿಯನ್ ಎಲ್ಕಾನೊ ಆ ಐದರಲ್ಲಿ ಒಂದಾದ ‘ಕನ್ಸೆಪ್ಷನ್’ ಹಡಗಿನಲ್ಲಿದ್ದ. ಅವನೇನೂ ಕಥೆಯ ರಾಜಕುಮಾರನಲ್ಲ ಮಕ್ಕಳೇ. ಮೊದಲು ಅವನಿಗೆ ಸ್ವಂತ ಹಡಗಿತ್ತು. ಸಾಲಕ್ಕೆ ಸಿಕ್ಕಿ ಅದನ್ನು ಹೊರದೇಶದವರಿಗೆ ಮಾರಿಬಿಟ್ಟಿದ್ದ. ಆಗಿನ ಕಾನೂನಿನಲ್ಲಿ ಅದು ಅಪರಾಧ. ದಾರಿಯಲ್ಲಿ 1520ರಲ್ಲಿ, ದಕ್ಷಿಣ ಅಮೆರಿಕದ ಚಳಿಯ ದಡದಲ್ಲಿ ಮೆಗಲನ್ ವಿರುದ್ಧ ದಂಗೆ ಎದ್ದಾಗ ದಂಗೆಕೋರರ ಜೊತೆ ಸೇರಿದ್ದ. ದಂಗೆ ಮುರಿಯಿತು. ಎಲ್ಕಾನೊಗೂ ಶಿಕ್ಷೆಯಾಯಿತು, ಆದರೆ ಜೀವ ಉಳಿಯಿತು.

ಮೆಗಲನ್ ಧೀರನೇ. ದಕ್ಷಿಣ ಅಮೆರಿಕದ ತುದಿಯಲ್ಲಿ ಅತ್ತಿಂದಿತ್ತ ದಾಟುವ ಜಲಸಂಧಿಯನ್ನು ಹುಡುಕಿದವನು ಅವನು. ಆಚೆಯ ಮಹಾಸಾಗರಕ್ಕೆ ‘ಶಾಂತ’ ಎಂದು ಹೆಸರಿಟ್ಟವನೂ ಅವನೇ. ಆದರೆ 1521ರ ಏಪ್ರಿಲ್ 27ರಂದು ಇಂದಿನ ಫಿಲಿಪೈನ್ಸ್‌ನ ಮಕ್ತಾನ್ ದ್ವೀಪದಲ್ಲಿ, ಸ್ಥಳೀಯರ ಜೊತೆಗಿನ ಕಾಳಗದಲ್ಲಿ ಸತ್ತ. ಅಷ್ಟರಲ್ಲಿ ಒಂದು ಹಡಗು ಒಡೆದುಹೋಗಿತ್ತು, ಒಂದು ಹೇಳದೆ ಕೇಳದೆ ಸ್ಪೇನಿಗೆ ತಿರುಗಿತ್ತು. ಇನ್ನೊಂದನ್ನು ನಡೆಸಲು ಜನ ಸಾಲದೆ ಸುಟ್ಟುಹಾಕಿದರು. ಉಳಿದ ಎರಡು ಮಲುಕು ತಲುಪಿ ಲವಂಗ ತುಂಬಿಕೊಂಡವು. ಹೊರಡುವ ಹೊತ್ತಿಗೆ ಅದರಲ್ಲೂ ಒಂದಕ್ಕೆ ನೀರು ಸೋರತೊಡಗಿತು. ಕೊನೆಗೆ 1521ರ ಡಿಸೆಂಬರಿನಲ್ಲಿ ಊರಿನ ಕಡೆ ಹೊರಟದ್ದು ಒಂದೇ ಒಂದು ಹಡಗು, ‘ವಿಕ್ಟೋರಿಯಾ’. ಅದರಲ್ಲಿ ಸುಮಾರು 60 ಜನ. ಅದರ ನಾಯಕ, ಹಿಂದೆ ದಂಗೆಯೆದ್ದು ಶಿಕ್ಷೆ ತಿಂದಿದ್ದ ನಮ್ಮ ಎಲ್ಕಾನೊ.

ಮುಂದಿರುವುದು ಹಿಂದೂ ಮಹಾಸಾಗರ. ಆದರೆ ಗೋವಾ 1510ರಿಂದಲೇ ಪೋರ್ಚುಗೀಸರ ವಶದಲ್ಲಿತ್ತು. ಆಫ್ರಿಕದ ತೀರದಲ್ಲೂ ಅವರದೇ ಠಾಣೆಗಳು. ಸಿಕ್ಕಿಬಿದ್ದರೆ ಹಡಗೂ ಹೋಯಿತು, ಲವಂಗವೂ ಹೋಯಿತು. ಹಾಗಾಗಿ ಎಲ್ಕಾನೊ ನಮ್ಮ ತೀರದ ಹತ್ತಿರವೂ ಸುಳಿಯದೆ, ತೀರಾ ದಕ್ಷಿಣಕ್ಕೆ ಸರಿದು ಸಾಗಿದ. ಅನ್ನವಿಲ್ಲ, ಒಳ್ಳೆಯ ನೀರಿಲ್ಲ, ಹಡಗಿನ ಹೊಟ್ಟೆತುಂಬ ಲವಂಗ! ಜನ ಒಬ್ಬೊಬ್ಬರಾಗಿ ಸಾಯುತ್ತ ಹೋದರು. 1522ರ ಜುಲೈಯಲ್ಲಿ ಹಸಿವು ತಾಳಲಾರದೆ, ಅಪಾಯವೆಂದು ಗೊತ್ತಿದ್ದೂ, ಪೋರ್ಚುಗೀಸರ ಕೇಪ್ ವರ್ಡೆ ದ್ವೀಪಕ್ಕೆ ಬಂದು ಲಂಗರು ಹಾಕಿದರು. ಅಕ್ಕಿ ತರಲು ದೋಣಿಯಲ್ಲಿ ದಡಕ್ಕೆ ಜನರನ್ನು ಕಳಿಸಿದರು.

ಇಲ್ಲೇ ಒಂದು ವಿಚಿತ್ರ ನಡೆಯಿತು. ಈ ಯಾನದಲ್ಲಿ ಪಿಗಾಫೆಟ್ಟಾ ಎಂಬ ಇಟಲಿಯವನಿದ್ದ. ಪ್ರತಿದಿನ ತಪ್ಪದೆ ದಿನಚರಿ ಬರೆಯುವವನು. ಅವನ ಲೆಕ್ಕದಲ್ಲಿ ಅಂದು ಬುಧವಾರ. ದಡದಲ್ಲಿ ಕೇಳಿದರೆ ‘ಇವತ್ತು ಗುರುವಾರ’ ಎಂದರು! ಒಂದು ದಿನ ಎಲ್ಲಿ ಹೋಯಿತು? ಅವನು ಒಂದು ದಿನವೂ ಬರೆಯುವುದು ಬಿಟ್ಟಿರಲಿಲ್ಲ. ಹಡಗಿನ ಲೆಕ್ಕದಲ್ಲಿ ಎಲ್ಲಿಯೂ ಎಡವಟ್ಟಾಗಿರಲಿಲ್ಲ.

ಕಥೆ ಇಲ್ಲಿಗೆ ಬಂದಾಗ ನಾನು ಸಿರಿಗೆ ಲೆಕ್ಕ ಕೊಟ್ಟೆ. ನೀವೂ ಪೆನ್ಸಿಲ್ ತಗೊಳ್ಳಿ. ಸೂರ್ಯ ಪಶ್ಚಿಮಕ್ಕೆ ಹೋದಂತೆ ಕಾಣುತ್ತಾನಷ್ಟೆ. ಹಡಗೂ ಪಶ್ಚಿಮಕ್ಕೇ ಹೋಗುತ್ತಿತ್ತು. ಅಂದರೆ ಸೂರ್ಯನ ಬೆನ್ನಟ್ಟಿದಂತೆ. ಪಶ್ಚಿಮಕ್ಕೆ ಒಂದು ಡಿಗ್ರಿ ಸರಿದರೆ ಸೂರ್ಯೋದಯ 4 ನಿಮಿಷ ತಡ. ಭೂಮಿಯ ಪೂರ್ತಿ ಸುತ್ತು 360 ಡಿಗ್ರಿ. 360ನ್ನು 4ರಿಂದ ಗುಣಿಸಿ. ಎಷ್ಟು? 1440 ನಿಮಿಷ. ಅದನ್ನು 60ರಿಂದ ಭಾಗಿಸಿ. 24 ಗಂಟೆ. ಸರಿಯಾಗಿ ಒಂದು ದಿನ! ಹಡಗಿನವರ ಒಂದೊಂದು ಹಗಲೂ ಚೂರುಚೂರೇ ಹಿಗ್ಗುತ್ತ ಹೋಗಿ, ಒಂದು ಸುತ್ತು ಮುಗಿಯುವಷ್ಟರಲ್ಲಿ ದಡದಲ್ಲಿದ್ದವರಿಗಿಂತ ಒಂದು ಸೂರ್ಯೋದಯ ಕಡಿಮೆ ಕಂಡಿದ್ದರು.

‘ಹಾಗಾದ್ರೆ ಅವರದ್ದೂ ತಪ್ಪಲ್ಲ, ದಡದೋರದ್ದೂ ತಪ್ಪಲ್ಲ’ ಎಂದಳು ಸಿರಿ.

‘ಹೌದು. ಆದರೆ ದಡಕ್ಕೆ ಹೋಗಿ ಕೇಳದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ’ ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಮನಸ್ಸಿನಲ್ಲೇ ಉಳಿದುಬಿಟ್ಟಿತು.

ಅಲ್ಲಿ ಪೋರ್ಚುಗೀಸರಿಗೆ ಸಂಶಯ ಬಂದು ದೋಣಿಯಲ್ಲಿ ಹೋಗಿದ್ದ 13 ಜನರನ್ನು ಹಿಡಿದಿಟ್ಟರು. ಅವರನ್ನು ಅಲ್ಲೇ ಬಿಟ್ಟು ಎಲ್ಕಾನೊ ಹಡಗು ಓಡಿಸಬೇಕಾಯಿತು. 1522ರ ಸೆಪ್ಟೆಂಬರ್ 6ರಂದು, ಹೊರಟ ಬಂದರಿಗೇ ‘ವಿಕ್ಟೋರಿಯಾ’ ಮರಳಿತು. ಇಳಿದವರು 18 ಜನ. ಹಿಡಿದಿಟ್ಟಿದ್ದ 13 ಜನ ಆಮೇಲೆ ಬಿಡುಗಡೆಯಾಗಿ ಬಂದರು. ದೊರೆ ಎಲ್ಕಾನೊನ ಹಳೆಯ ತಪ್ಪನ್ನು ಮನ್ನಿಸಿ, ಅವನಿಗೆ ಒಂದು ಲಾಂಛನ ಕೊಟ್ಟ. ಅದರಲ್ಲಿ ದಾಲ್ಚಿನ್ನಿ, ಜಾಯಿಕಾಯಿ, ಲವಂಗದ ಚಿತ್ರ. ಮೇಲೆ ಒಂದು ಭೂಗೋಳ. ಭೂಮಿಯೇ ಅವನಿಗೆ ಹೇಳಿದಂತೆ ಲ್ಯಾಟಿನ್ನಿನಲ್ಲಿ ಒಂದು ಮಾತು: ‘ನನ್ನನ್ನು ಮೊದಲು ಸುತ್ತಿದವನು ನೀನು.’

ಕಥೆ ಮುಗಿಯಿತು ಎಂದು ನಾನು ಎದ್ದೆ. ಸಿರಿ ಏಳಲಿಲ್ಲ. ಸ್ಮಾರಕದ ಕಲ್ಲಿನಲ್ಲಿ ಕೆತ್ತಿದ ಹೆಸರುಗಳನ್ನು ತೋರಿಸಿದಳು. ಮರಳಿ ಬಂದವರ ಹೆಸರುಗಳು ಅವು.

‘ಅಜ್ಜಿ, ಹದಿನೆಂಟು ಜನಾನೂ ಒಂದೇ ಹಡಗಲ್ಲಿ ಬಂದ್ರು ತಾನೆ? ಹಾಗಾದ್ರೆ ಎಲ್ಕಾನೊ ಒಬ್ನೇ ಹೇಗೆ ಮೊದಲಿಗ? ಎಲ್ರೂ ಮೊದಲಿಗರೇ ಅಲ್ವಾ?’

ನೋಡಿದಿರಾ! ನಾನು ಒಂದು ತಪ್ಪು ತಿದ್ದಿಕೊಳ್ಳುವಷ್ಟರಲ್ಲಿ ಅವಳು ಇನ್ನೊಂದನ್ನು ಹಿಡಿದಿದ್ದಳು. ಆ ಹದಿನೆಂಟರಲ್ಲಿ ಬಾಸ್ಕರು ಇದ್ದರು, ಗ್ರೀಕರು, ಇಟಲಿಯವರು, ಜರ್ಮನಿಯ ಆಖೆನ್ ಊರಿನ ಹಾನ್ಸ್ ಎಂಬ ಫಿರಂಗಿಯವನೂ ಇದ್ದ. ಬುಸ್ತಮಾಂತೆ ಎಂಬ ಕ್ಷೌರಿಕ ಇದ್ದ. ಹುವಾನ್ ದೆ ಸುಬಿಲೇತಾ ಎಂಬ ಹುಡುಗನೂ ಇದ್ದ. ಅವನ ಊರು ಬಾರಾಕಾಲ್ಡೊ, ಗೆತಾರಿಯಾದಂತೆ ಬಾಸ್ಕ್ ಸೀಮೆಯದ್ದೇ. ಚಿಕ್ಕಪುಟ್ಟ ಕೆಲಸಕ್ಕೆ ಸೇರಿದವನು. ಆಗಿನ ಸ್ಪೇನಿನ ಹಡಗುಗಳಲ್ಲಿ ಅರ್ಧ ಗಂಟೆಗೊಮ್ಮೆ ಮರಳುಗಡಿಯಾರವನ್ನು ಮಗುಚಿ, ಹೊತ್ತೆಷ್ಟಾಯಿತೆಂದು ಕೂಗಿ ಹೇಳುವುದು ಇಂಥ ಹುಡುಗರ ಕೆಲಸವಾಗಿತ್ತು. ಮೂರು ವರ್ಷ ಹೊತ್ತು ಎಣಿಸಿ, ಊರಿಗೆ ಬರುವಾಗ ಒಂದು ದಿನವೇ ಕಡಿಮೆ!

ಮಧ್ಯಾಹ್ನ ಹಸಿವಾಯಿತು. ಗೆತಾರಿಯಾದಲ್ಲಿ ಹೋಟೆಲಿನವರು ಬೀದಿಯಲ್ಲೇ ಇದ್ದಿಲ ಒಲೆ ಹೂಡಿ, ತಂತಿಯ ಜಾಲರಿಯಲ್ಲಿ ಇಡೀ ಮೀನನ್ನು ಸಿಕ್ಕಿಸಿ ಸುಡುತ್ತಾರೆ. ಓಣಿಗೆ ಓಣಿಯೇ ಘಮಘಮ. ನಾನೂ ಕರಾವಳಿಯವಳೇ, ಮೀನೆಂದರೆ ಹುಳಿ, ಖಾರ, ತೆಂಗಿನಕಾಯಿ ಬೇಕು. ಇಲ್ಲಿ ಉಪ್ಪು, ಒಂದಿಷ್ಟು ಎಣ್ಣೆ, ಅಷ್ಟೇ. ‘ಹಡಗುಗಟ್ಟಲೆ ಲವಂಗ ತಂದವನ ಊರಿನಲ್ಲಿ ಮೀನಿಗೆ ಒಂದು ಲವಂಗವೂ ಇಲ್ಲವಲ್ಲೇ!’ ಎಂದರೆ ಸಿರಿಗೆ ನಗು. ಆದರೂ ಸುಳ್ಳು ಹೇಳಬಾರದು, ಮುಳ್ಳು ಮಾತ್ರ ಉಳಿಯುವ ಹಾಗೆ ತಿಂದೆವು.

ಸಂಜೆ ಬಂದರಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಊರಿನಿಂದ ನಮ್ಮವರ ಫೋನು ಬಂತು. ಅಲ್ಲಿ ಊಟ ಮುಗಿಸಿ ಮಲಗುವ ಹೊತ್ತು, ರಾತ್ರಿ ಒಂಬತ್ತೂವರೆ. ಇಲ್ಲಿ ಆರು ಗಂಟೆ, ಬಿಸಿಲು ಇನ್ನೂ ಚುರುಕಾಗಿತ್ತು. ‘ಅಜ್ಜಾ, ನೀನು ನಮಗಿಂತ ಮೂರೂವರೆ ಗಂಟೆ ಮುಂದೆ ಇದ್ದೀಯ. ಎಲ್ಕಾನೊ ಪೂರ್ತಿ ಇಪ್ಪತ್ನಾಲ್ಕು ಗಂಟೆ ಹಿಂದಾಗಿಬಿಟ್ಟಿದ್ದ’ ಎಂದು ಸಿರಿ ಶುರು ಮಾಡಿದಳು. ಅತ್ತಲಿಂದ ‘ಯಾರದು ಎಲ್ಕಾನೊ? ಭೂಮಿ ಸುತ್ತಿದ್ದು ಮೆಗಲನ್ ಅಲ್ಲವಾ?’ ಎಂದು ಕೇಳಿಸಿತು. ನಾನು ಸುಮ್ಮನೆ ಇಲಿಗುಡ್ಡದ ಕಡೆ ನೋಡಿದೆ.

ಈಗ ಬಾಕಿ ಉಳಿದ ಮಾತು.

ಬಹಳ ವರ್ಷಗಳ ಹಿಂದೆ ನನ್ನ ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎರಡನೇ ಬೆಂಚಿನ ಕಿಟಕಿ ಪಕ್ಕ. ಮೆಗಲನ್ ಪಾಠದ ದಿನ ಕೈ ಎತ್ತಿದ. ‘ಟೀಚರ್, ಮೆಗಲನ್ ದ್ವೀಪದಲ್ಲಿ ಸತ್ತ ಅಂತ ಮೇಲಿನ ಸಾಲಿನಲ್ಲಿದೆ. ಕೆಳಗಿನ ಸಾಲಿನಲ್ಲಿ ಭೂಮಿ ಸುತ್ತಿದ ಅಂತ ಇದೆ. ಅದು ಹೇಗೆ?’ ಗಂಟೆ ಹೊಡೆಯುವ ಹೊತ್ತು. ಪಾಠ ಮುಗಿಸುವ ಅವಸರ ನನಗೆ. ‘ಇದ್ದದ್ದನ್ನು ಇದ್ದ ಹಾಗೆ ಬರಿ, ಕೂತ್ಕೋ’ ಎಂದೆ. ಕ್ಲಾಸೆಲ್ಲ ನಕ್ಕಿತು. ಪರೀಕ್ಷೆಯಲ್ಲಿ ಅವನು ಆ ಪ್ರಶ್ನೆಗೆ ‘ಮೆಗಲನ್ ಅಲ್ಲ, ಅವನ ಹಡಗಿನಲ್ಲಿ ಉಳಿದವರು’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಆಮೇಲೆ ಆ ವರ್ಷ ಅವನು ಮತ್ತೆ ಕೈ ಎತ್ತಿದ್ದು ನನಗೆ ನೆನಪಿಲ್ಲ.

ಎಷ್ಟು ಸರಿಯಾದ ಉತ್ತರ ನೋಡಿ. ಎಲ್ಕಾನೊ ಹೆಸರು ಅವನಿಗೆ ಗೊತ್ತಿರಲಿಲ್ಲ. ಆದರೆ ಸಿರಿ ಸ್ಮಾರಕದ ಮುಂದೆ ಹೇಳಿದ್ದನ್ನು ಅವನು ಎರಡು ಸಾಲಿನ ಪಾಠದಿಂದಲೇ ಕಂಡುಹಿಡಿದಿದ್ದ. ನಾನು ಪಿಗಾಫೆಟ್ಟಾನ ಹಾಗೆ ದಿನವೂ ತಪ್ಪದೆ ಲೆಕ್ಕ ಇಟ್ಟವಳು. ಒಂದು ದಿನವೂ ಪಾಠ ಬಿಟ್ಟವಳಲ್ಲ. ಆದರೆ ಅವನು ದಡಕ್ಕೆ ಬಂದಾಗ ಕೇಳಿದ, ನಾನು ಕೇಳಲಿಲ್ಲ. ನನ್ನ ಎದುರಿಗೇ ದಡದಿಂದ ಒಬ್ಬ ಹುಡುಗ ‘ಇವತ್ತು ಗುರುವಾರ ಟೀಚರ್’ ಎಂದು ಕೂಗಿದರೂ ನಾನು ಬುಧವಾರವೆಂದೇ ಬರೆದುಕೊಂಡು ಹೋದೆ.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಮನೆಯಲ್ಲಿ ಮಕ್ಕಳಿರಬಹುದು, ಅವರು ಈ ಪತ್ರಿಕೆ ಓದುತ್ತಿರಬಹುದು. ಅಪ್ಪಾ, ಇದನ್ನು ನೋಡಿದರೆ ನಿನಗೇ ಗೊತ್ತಾಗುತ್ತದೆ. ಆ ಒಂದು ಅಂಕ ನಿನ್ನದು. ತಡವಾಯಿತು, ಆದರೂ ಇವತ್ತು ಕೊಟ್ಟಿದ್ದೇನೆ. ಅಡ್ಡಗೆರೆ ಎಳೆದದ್ದು ನನ್ನ ತಪ್ಪು.

ಎಲ್ಕಾನೊ ಮತ್ತೆ ಗೆತಾರಿಯಾದಲ್ಲಿ ನೆಲೆಯೂರಲಿಲ್ಲ. 1525ರಲ್ಲಿ ಅದೇ ಲವಂಗದ ದ್ವೀಪಗಳಿಗೆ ಇನ್ನೊಮ್ಮೆ ಹೊರಟು, 1526ರ ಆಗಸ್ಟಿನಲ್ಲಿ ಶಾಂತ ಸಾಗರದ ನಡುವೆ ತೀರಿಕೊಂಡ. ಸಾಯುವ ಮೊದಲು ಹಡಗಿನಲ್ಲೇ ಬರೆಸಿದ ಉಯಿಲಿನಲ್ಲಿ ಊರಿನ ಚರ್ಚಿಗೆ ಹಣ ಬಿಟ್ಟಿದ್ದ. ಅದೇ, ನೆಲ ಓರೆಯಾಗಿರುವ ಚರ್ಚಿಗೆ.

ಅಜ್ಜ ಅಜ್ಜಿಯರೇ, ಈ ವಾರ ನಿಮಗೊಂದು ಕೆಲಸ. ಮಕ್ಕಳು ಕೇಳಿದ ಪ್ರಶ್ನೆಗೆ ‘ಸುಮ್ನಿರು’ ಎಂದದ್ದು ನೆನಪಾದರೆ, ಅದನ್ನು ಮತ್ತೆ ಕೇಳಿಸಿಕೊಳ್ಳಿ. ಮಕ್ಕಳೇ, ನಿಮಗೂ ಒಂದು ಲೆಕ್ಕ. ವಿಕ್ಟೋರಿಯಾ ಪಶ್ಚಿಮದ ಬದಲು ಪೂರ್ವಕ್ಕೆ ಹೋಗಿ ಭೂಮಿ ಸುತ್ತಿ ಬಂದಿದ್ದರೆ, ದಡದಲ್ಲಿ ಗುರುವಾರ ಇದ್ದ ದಿನ ಹಡಗಿನಲ್ಲಿ ಯಾವ ವಾರ ಆಗಿರುತ್ತಿತ್ತು? ಉತ್ತರ ಬರೆದಿಡಿ, ಮುಂದಿನ ವಾರ ನೋಡೋಣ. ನಾನು ಹೇಳಿದ ಉತ್ತರ ತಪ್ಪೆನಿಸಿದರೆ ಕೈ ಎತ್ತಿ. ಈ ಸಲ ಕೂತ್ಕೋ ಎನ್ನುವುದಿಲ್ಲ.